ದೂರನ್ನು ಕಸದ ಬುಟ್ಟಿಗೆ ಹಾಕಿದವರೇ ಪುರಾವೆ ಕೇಳಿದರೆ?

‘ಅಮೆರಿಕದಲ್ಲೇ ತೆಗೆದುಹಾಕಿದ್ದಾರೆ, ನಮಗ್ಯಾಕೆ ಮೀಸಲಾತಿ?’ ವಾಟ್ಸಾಪಿನಲ್ಲಿ, ಅರಳಿಕಟ್ಟೆಯಲ್ಲಿ ಈ ಮಾತು ಕೇಳದವರು ಕಡಿಮೆ. ಹೇಳುವವರು ಅರ್ಧ ಕಥೆ ಹೇಳುತ್ತಾರೆ. ಉಳಿದ ಅರ್ಧ ರೈತರದು, ಬೆಳೆಸಾಲದ್ದು. ಅದನ್ನು ನಮಗಿಂತ ಚೆನ್ನಾಗಿ ಯಾರು ಅರ್ಥ ಮಾಡಿಕೊಳ್ಳಬಲ್ಲರು?

1920ರಲ್ಲಿ ಅಮೆರಿಕದಲ್ಲಿ ಸುಮಾರು 9.25 ಲಕ್ಷ ಕಪ್ಪು ರೈತರಿದ್ದರು. ನೂರು ರೈತರಲ್ಲಿ 14 ಮಂದಿ. 2017ರ ಕೃಷಿ ಗಣತಿಗೆ ಸಿಕ್ಕವರು 49 ಸಾವಿರದ ಆಸುಪಾಸು, ನೂರಕ್ಕೆ ಇಬ್ಬರೂ ಇಲ್ಲ. ಬಿಳಿ ರೈತರೂ ಬೇಸಾಯ ಬಿಟ್ಟಿದ್ದಾರೆ, ನಿಜ. ಆದರೆ ಈ ಪ್ರಮಾಣದಲ್ಲಿ ಅಲ್ಲ.

ಭೂಮಿ ಕೈತಪ್ಪಿದ್ದಕ್ಕೆ ಕಾರಣ ಒಂದಲ್ಲ. ಅದರಲ್ಲಿ ಸರ್ಕಾರದ ಕೈವಾಡ ಇದ್ದದ್ದು ಸಾಲದಲ್ಲಿ. ಅಲ್ಲಿ ಕೃಷಿ ಇಲಾಖೆಯೇ ರೈತರಿಗೆ ಸಾಲ ಕೊಡುತ್ತದೆ. ಯಾರಿಗೆ ಕೊಡಬೇಕು ಎನ್ನುವುದರಲ್ಲಿ ಬಹುಕಾಲ ಸ್ಥಳೀಯ ಸಮಿತಿಗಳ ಮಾತೇ ನಡೆಯುತ್ತಿತ್ತು. ಸಮಿತಿಗಳಲ್ಲಿ ಕೂತವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಆಗ್ನೇಯ ಭಾಗದ ಕೆಲವು ರಾಜ್ಯಗಳಲ್ಲಿ ಬಿಳಿ ರೈತನ ಅರ್ಜಿಗಿಂತ ಕಪ್ಪು ರೈತನ ಅರ್ಜಿ ವಿಲೇವಾರಿಗೆ ಸರಾಸರಿ ಮೂರು ಪಟ್ಟು ಸಮಯ ಹಿಡಿಯುತ್ತಿತ್ತು. ಬಿತ್ತನೆಗೆ ಬಾರದ ಸಾಲ ಕೊಯ್ಲಿನ ಹೊತ್ತಿಗೆ ಬಂದರೆ ಏನು ಪ್ರಯೋಜನ?

ದೂರು ಕೊಡಬಹುದಿತ್ತಲ್ಲ ಎನ್ನುತ್ತೀರಿ. ಕೊಟ್ಟರು. ಆದರೆ 1983ರಲ್ಲಿ ಇಲಾಖೆ ತನ್ನ ನಾಗರಿಕ ಹಕ್ಕುಗಳ ದೂರು ವಿಭಾಗವನ್ನೇ ಹೆಚ್ಚುಕಡಿಮೆ ಕಳಚಿಹಾಕಿತು. ದೂರುಗಳು ವಿಚಾರಣೆಯಿಲ್ಲದೆ ಕೊಳೆತವು, ಕೆಲವು ನೇರ ಕಸದ ಬುಟ್ಟಿಗೆ ಹೋದವು. ಇದು ನನ್ನ ಆರೋಪವಲ್ಲ. 1999ರ ಪಿಗ್‌ಫರ್ಡ್ ಪ್ರಕರಣದ ತೀರ್ಪಿನಲ್ಲೇ ಇದೆ. ಆ ಪ್ರಕರಣದ ರಾಜಿಯಲ್ಲಿ ಸರ್ಕಾರ 15 ಸಾವಿರಕ್ಕೂ ಹೆಚ್ಚು ಕಪ್ಪು ರೈತರಿಗೆ ಪರಿಹಾರ ಕೊಡಬೇಕಾಯಿತು. ಹೆಚ್ಚಿನವರಿಗೆ ಸಿಕ್ಕಿದ್ದು ತಲಾ 50 ಸಾವಿರ ಡಾಲರ್. ಹೋದ ಜಮೀನು ಮಾತ್ರ ಬರಲಿಲ್ಲ.

2021ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಕಪ್ಪು, ಮೂಲನಿವಾಸಿ, ಹಿಸ್ಪಾನಿಕ್, ಏಷ್ಯನ್ ಮೂಲದ ರೈತರ ಸರ್ಕಾರಿ ಸಾಲ ಮನ್ನಾ ಮಾಡಲು ಸುಮಾರು 400 ಕೋಟಿ ಡಾಲರ್ ತೆಗೆದಿಟ್ಟಿತು. ಬಿಳಿ ರೈತರು ಕೋರ್ಟಿಗೆ ಹೋದರು. ‘ನಮ್ಮ ಚರ್ಮ ನೋಡಿ ನಮ್ಮನ್ನು ಹೊರಗಿಡುವುದು ತಾರತಮ್ಯ’ ಎಂಬುದು ಅವರ ವಾದ. ಜೂನ್‌ನಲ್ಲಿ ವಿಸ್ಕಾನ್ಸಿನ್ ಮತ್ತು ಫ್ಲಾರಿಡಾದ ಕೋರ್ಟುಗಳು ಹಣ ಬಿಡುಗಡೆಗೆ ತಡೆ ಹಾಕಿದವು. ಅದಕ್ಕೂ ಸ್ವಲ್ಪ ಮುಂಚೆ ಮೇಲ್ಮನವಿ ನ್ಯಾಯಾಲಯವೊಂದು, ಕೋವಿಡ್‌ನಲ್ಲಿ ನಷ್ಟವಾದ ಹೋಟೆಲುಗಳ ನೆರವಿನಲ್ಲಿ ಜನಾಂಗ ನೋಡಿ ಕೊಟ್ಟ ಆದ್ಯತೆಯನ್ನೂ, ಮಹಿಳೆಯರ ಆದ್ಯತೆಯನ್ನೂ ತಡೆದಿತ್ತು.

ಇಲ್ಲಿ ಒಂದು ಸೂಕ್ಷ್ಮ ನೋಡಿ. ಫ್ಲಾರಿಡಾದ ನ್ಯಾಯಾಧೀಶೆ ಹಿಂದೆ ಅನ್ಯಾಯ ಆಗಿಲ್ಲ ಎನ್ನಲಿಲ್ಲ. ಆಗಿದೆ ಎಂದೇ ಒಪ್ಪಿದರು. ಅವರು ಕೇಳಿದ್ದು ಈಗಲೂ ಅದು ಮುಂದುವರಿದಿದೆ ಎನ್ನುವುದಕ್ಕೆ, ಈ ಅಳತೆಯ ಪರಿಹಾರವೇ ಬೇಕು ಎನ್ನುವುದಕ್ಕೆ ಗಟ್ಟಿ ಪುರಾವೆ. ದೂರನ್ನು ಬುಟ್ಟಿಗೆ ಹಾಕಿದ್ದು ಇಲಾಖೆ. ಪುರಾವೆ ಸಾಲದು ಎಂದಾಗ ನಷ್ಟವಾದದ್ದು ರೈತನಿಗೆ. ದಾಖಲೆ ಇಡದ ಕಚೇರಿ ಹೀಗೆ ಎರಡು ಸಲ ಗೆಲ್ಲುತ್ತದೆ: ಒಮ್ಮೆ ಅನ್ಯಾಯ ಮಾಡುವಾಗ, ಮತ್ತೊಮ್ಮೆ ಪರಿಹಾರ ತಪ್ಪಿಸುವಾಗ.

ಬಿಳಿ ರೈತನ ಸಾಲ ಸುಳ್ಳೇ? ಅಲ್ಲ. ಹಾಲಿನ ದರ ಬಿದ್ದರೆ ಅವನ ಮನೆಯಲ್ಲೂ ನಿದ್ದೆ ಬಾರದು. ನನಗೂ ಮನ್ನಾ ಮಾಡಿ ಎಂದು ಅವನು ಕೇಳಿದ್ದರೆ ನಾನೂ ಜೊತೆಗೆ ನಿಲ್ಲುತ್ತಿದ್ದೆ. ಆದರೆ ತಡೆಯಾಜ್ಞೆ ಬಂದ ದಿನ ಅವನ ಸಾಲ ಒಂದು ಪೈಸೆ ಇಳಿಯಲಿಲ್ಲ. ಪಕ್ಕದವನಿಗೆ ಬರುವುದು ನಿಂತಿತು, ಅಷ್ಟೇ.

2022ರಲ್ಲಿ ಸಂಸತ್ತು ಆ ಮನ್ನಾವನ್ನೇ ರದ್ದು ಮಾಡಿತು. ಬದಲಿಗೆ, ಸರ್ಕಾರಿ ಸಾಲದಲ್ಲಿ ತಾರತಮ್ಯ ಅನುಭವಿಸಿದ ಯಾರೇ ಆದರೂ ಅರ್ಜಿ ಹಾಕಬಹುದಾದ ನೆರವು ತಂದಿತು. 2024ರಲ್ಲಿ 43 ಸಾವಿರಕ್ಕೂ ಹೆಚ್ಚು ಜನರಿಗೆ ಸುಮಾರು 200 ಕೋಟಿ ಡಾಲರ್ ಸಿಕ್ಕಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. 2025ರ ಜುಲೈನಲ್ಲಿ ಅದೇ ಕೃಷಿ ಇಲಾಖೆ, ಜನಾಂಗ ಮತ್ತು ಲಿಂಗ ನೋಡಿ ಕೊಡುತ್ತಿದ್ದ ಆದ್ಯತೆಗಳನ್ನೆಲ್ಲ ಕೈಬಿಡುವುದಾಗಿ ಪ್ರಕಟಿಸಿತು. ನಮ್ಮ ವಾಟ್ಸಾಪ್ ಪಂಡಿತರು ಹಿಡಿದುಕೊಂಡಿರುವುದು ಈ ಬಾಲವನ್ನು.

ಅವರಿಗೆ ಹೇಳಬೇಕಾದದ್ದು ಇಷ್ಟು. ಅಮೆರಿಕದ ಸಂವಿಧಾನ ಸಮಾನ ರಕ್ಷಣೆ ಎನ್ನುತ್ತದೆ, ಹಿಂದುಳಿದವರಿಗೆ ವಿಶೇಷ ಅವಕಾಶದ ಮಾತು ಅದರಲ್ಲಿಲ್ಲ. ನಮ್ಮದರಲ್ಲಿ ಇದೆ. ಮಹಿಳೆಯರು ಮತ್ತು ಮಕ್ಕಳಿಗಾಗಿ 15(3)ನೇ ವಿಧಿ ಮೊದಲಿನಿಂದಲೂ ಇದೆ. 1951ರಲ್ಲಿ ಮದ್ರಾಸಿನ ಮೀಸಲಾತಿಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ, ಅದೇ ವರ್ಷ ಸಂವಿಧಾನಕ್ಕೆ ತಿದ್ದುಪಡಿ ತಂದು 15(4) ಸೇರಿಸಿದರು. ಅಲ್ಲಿಯ ತೀರ್ಪು ಇಲ್ಲಿಗೆ ಅಳತೆಗೋಲಲ್ಲ.

ಆದರೆ ನಿಶ್ಚಿಂತೆಯಿಂದ ಮಲಗುವ ಹಾಗೂ ಇಲ್ಲ. ನಮ್ಮ ಕೋರ್ಟುಗಳೂ ಅಂಕಿಅಂಶ ಕೇಳುತ್ತವೆ. ಪರಿಶಿಷ್ಟ ಜಾತಿ, ಪಂಗಡದ ನೌಕರರ ಬಡ್ತಿ ಜ್ಯೇಷ್ಠತೆಯ ಕರ್ನಾಟಕದ ಕಾಯ್ದೆ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು, ಬೇಕಾದ ಅಂಕಿಅಂಶ ಇರಲಿಲ್ಲ. ಆಮೇಲೆ ಸರ್ಕಾರ ರತ್ನಪ್ರಭಾ ಸಮಿತಿಯಿಂದ ಇಲಾಖೆವಾರು ಲೆಕ್ಕ ತೆಗೆಸಿತು, 2018ರಲ್ಲಿ ಹೊಸ ಕಾಯ್ದೆ ತಂದಿತು. 2019ರಲ್ಲಿ ಅದೇ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಎರಡು ತೀರ್ಪಿನ ನಡುವಿನ ದೊಡ್ಡ ವ್ಯತ್ಯಾಸ ಆ ಲೆಕ್ಕ.

ಲೆಕ್ಕ ಹುಟ್ಟುವುದು ಬೆಂಗಳೂರಿನಲ್ಲಿ ಅಲ್ಲ, ನಮ್ಮೂರ ಕಚೇರಿಯ ಕಿಟಕಿಯಲ್ಲಿ. ಸೊಸೈಟಿಯಲ್ಲಿ ‘ಆಗಲ್ಲ ಹೋಗಮ್ಮ’ ಎಂದರೆ ಎದ್ದು ಬರಬೇಡಿ. ಅರ್ಜಿಗೆ ಸ್ವೀಕೃತಿ ಕೇಳಿ. ತಿರಸ್ಕರಿಸಿದರೆ ಕಾರಣ ಬರೆದ ಹಿಂಬರಹ ಕೇಳಿ. ಸರ್ಕಾರಿ ಕಚೇರಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಉತ್ತರಕ್ಕೆ 30 ದಿನ ಗಡುವಿದೆ. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಗಟ್ಟಿಯಾಗಿ ಓದಿಸಿ, ಯಾವ ಕೇರಿಗೆ ಎಷ್ಟು, ಹೆಣ್ಣುಮಕ್ಕಳಿಗೆ ಎಷ್ಟು ಎಂದು ನಡಾವಳಿಯಲ್ಲಿ ಬರೆಸಿ. ಸಮೀಕ್ಷೆಯವರು ಮನೆಗೆ ಬಂದರೆ ಬಾಗಿಲು ಹಾಕಬೇಡಿ.

ಅಮೆರಿಕದ ಕಪ್ಪು ರೈತರ ದೂರುಗಳನ್ನು ಕಾಪಾಡಿಕೊಳ್ಳಬೇಕಾದ ಕಚೇರಿಯೇ ಎಸೆದುಬಿಟ್ಟಿತು. ನಿಮ್ಮದರ ಒಂದು ಪ್ರತಿ ನಿಮ್ಮ ಟ್ರಂಕಿನಲ್ಲಿ, ಪಹಣಿಯ ಜೊತೆಗೇ ಇರಲಿ.