ಉಸಿರಾಡುವ ಗಾಳಿಗೆ ಯಜಮಾನ ಇರಬಾರದು

ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ ಸೇವೆಯ ಕರಾರಿನಲ್ಲಿ ವಿಚಿತ್ರವಾದ ಒಂದು ಕಲಮು ಇರುವುದು 2020ರಲ್ಲಿ ಸುದ್ದಿಯಾಯಿತು. ಮಂಗಳ ಸ್ವತಂತ್ರ ಗ್ರಹ. ಅಲ್ಲಿನ ವ್ಯವಹಾರಗಳ ಮೇಲೆ ಭೂಮಿಯ ಯಾವ ಸರ್ಕಾರಕ್ಕೂ ಅಧಿಕಾರವಿಲ್ಲ. ವ್ಯಾಜ್ಯ ಬಂದರೆ ಅಲ್ಲಿ ನೆಲೆಸುವ ಹೊತ್ತಿಗೆ ರೂಪಿಸಿಕೊಳ್ಳುವ ಸ್ವಯಮಾಡಳಿತದ ನಿಯಮಗಳಂತೆ ತೀರ್ಮಾನ. ಇದು ಅದರ ಸಾರ. ಧಾರವಾಡದಲ್ಲಿ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತಿದ್ದಾಗ ಇದನ್ನು ಕೊನೆಯ ವರ್ಷದ ತರಗತಿಯಲ್ಲಿ ಓದಿ ಹೇಳಿದ್ದೆ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಗ್ರಹ ಸ್ವತಂತ್ರ ಅಂತ ಬರದಾರ ಖರೆ. ಅಲ್ಲಿ ಇರೋ ಮಂದಿ ಸ್ವತಂತ್ರ ಅಂತ ಎಲ್ಲಿ ಬರದಾರ?"

ಬಾಹ್ಯಾಕಾಶದ ವಸಾಹತುಗಳ ಬಗ್ಗೆ ಮಾತನಾಡುವ ಸರ್ಕಾರಗಳೂ ಕಂಪನಿಗಳೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಇಂದಲ್ಲ ನಾಳೆ ಒಂದು ವಸಾಹತು ತನ್ನ ತಾಯ್ನಾಡಿನಿಂದ ಬೇರೆಯಾಗಲು ಬಯಸುತ್ತದೆ. ಆ ದಾರಿಯನ್ನು ಈಗಲೇ ಕಾನೂನಿನಲ್ಲಿ ಬರೆದಿಡಬೇಕು ಎಂಬುದು ನನ್ನ ವಾದ.

ಈಗಿರುವ ಕಾನೂನು 1967ರ ಬಾಹ್ಯಾಕಾಶ ಒಪ್ಪಂದ. ಯಾವ ದೇಶವೂ ಚಂದ್ರನನ್ನಾಗಲಿ ಗ್ರಹಗಳನ್ನಾಗಲಿ ತನ್ನದೆನ್ನುವಂತಿಲ್ಲ ಎನ್ನುತ್ತದೆ ಅದರ ಎರಡನೇ ವಿಧಿ. ಖಾಸಗಿ ಕಂಪನಿಗಳ ಚಟುವಟಿಕೆಗೆ ಆಯಾ ದೇಶವೇ ಹೊಣೆ ಎನ್ನುತ್ತದೆ ಆರನೆಯದು. ನೌಕೆಯಾಗಲಿ ನೆಲೆಯಾಗಲಿ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಅದಕ್ಕೂ ಅದರೊಳಗಿನವರಿಗೂ ಆ ದೇಶದ ಅಧಿಕಾರವೇ ಅನ್ವಯ ಎನ್ನುತ್ತದೆ ಎಂಟನೆಯದು. ಹಾಗಾಗಿ ಕಂಪನಿಯ ಆ ಕಲಮು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಆದರೆ ಈ ವಿಧಿಗಳನ್ನು ಒಟ್ಟಿಗಿಟ್ಟು ಓದಿದರೆ ಬೇರೊಂದು ತೊಡಕು ಕಾಣುತ್ತದೆ. ತಾಯ್ನಾಡಿಗೆ ಅಲ್ಲಿನ ನೆಲ ಸೇರಿಲ್ಲ. ಗೋಡೆ, ಛಾವಣಿ, ಗಾಳಿಯ ಯಂತ್ರ ಮಾತ್ರ ಸೇರಿವೆ. ಬಿಟ್ಟುಕೊಡೋಣವೆಂದರೆ ನೆಲವೇ ಅದರ ಕೈಯಲ್ಲಿಲ್ಲ. ಇತ್ತ ರಾಷ್ಟ್ರ ಎನಿಸಿಕೊಳ್ಳಲು ಸ್ಥಿರವಾದ ಜನಸಂಖ್ಯೆ, ನಿರ್ದಿಷ್ಟ ಭೂಪ್ರದೇಶ, ಸರ್ಕಾರ, ಇತರ ರಾಷ್ಟ್ರಗಳೊಡನೆ ವ್ಯವಹರಿಸುವ ಸಾಮರ್ಥ್ಯ ಇರಬೇಕೆಂದು 1933ರ ಮಾಂಟೆವಿಡಿಯೊ ಒಪ್ಪಂದ ಹೇಳುತ್ತದೆ. ವಸಾಹತಿನವರು "ಈ ನೆಲ ನಮ್ಮದು" ಎಂದರೆ ಬಾಹ್ಯಾಕಾಶ ಒಪ್ಪಂದದ ಆಶಯಕ್ಕೆ ವಿರುದ್ಧ. ಅನ್ನದೇ ಹೋದರೆ ಅವರದು ರಾಷ್ಟ್ರವೇ ಅಲ್ಲ.

ಬೇರೆಯಾಗುವ ಬಯಕೆ ಹುಟ್ಟುವುದಂತೂ ಖಚಿತ. ದೂರವೇ ಅದನ್ನು ಹುಟ್ಟಿಸುತ್ತದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನಮ್ಮ ಮಂಗಳಯಾನ ಆ ಗ್ರಹದ ಕಕ್ಷೆ ಸೇರುವಾಗ ಬೆಂಗಳೂರಿನ ವಿಜ್ಞಾನಿಗಳು ಸುಮ್ಮನೆ ಕಾಯಬೇಕಾಯಿತು. ಎಂಜಿನ್ ಹೊತ್ತಿಕೊಂಡ ಸುದ್ದಿ ಇಲ್ಲಿಗೆ ಮುಟ್ಟಲು 12 ನಿಮಿಷಕ್ಕೂ ಹೆಚ್ಚು ಬೇಕಿತ್ತು. ನೌಕೆ ಗ್ರಹದ ಮರೆಗೆ ಸರಿದ ಮೇಲೆ ಸಂಪರ್ಕವೇ ಇರಲಿಲ್ಲ. ಅದಕ್ಕೇ ಆದೇಶಗಳನ್ನೆಲ್ಲ ದಿನಗಳ ಮೊದಲೇ ತುಂಬಿಟ್ಟು, ತನ್ನ ನಿರ್ಧಾರ ತಾನೇ ಮಾಡುವಂತೆ ನೌಕೆಯನ್ನು ಸಜ್ಜುಗೊಳಿಸಿದ್ದರು. ಯಂತ್ರಕ್ಕೇ ಅಷ್ಟು ಸ್ವಾಯತ್ತತೆ ಅನಿವಾರ್ಯವಾದರೆ, ಅಲ್ಲಿ ಸಂಸಾರ ಹೂಡುವ ಮನುಷ್ಯರಿಗೆ ಎಷ್ಟು ಬೇಕು? ಮಂಗಳಕ್ಕೆ ನೌಕೆ ಕಳಿಸಲು ಅನುಕೂಲದ ಕಾಲ ಒದಗುವುದು ಸುಮಾರು 26 ತಿಂಗಳಿಗೊಮ್ಮೆ. ಅಲ್ಲಿನ ಪಡಿತರವನ್ನೂ ಕೆಲಸದ ಪಾಳಿಯನ್ನೂ ಶಿಕ್ಷೆಯನ್ನೂ ಭೂಮಿಯ ಕಚೇರಿಯೊಂದು ನಿರ್ಧರಿಸುತ್ತಿದ್ದರೆ, ಅದನ್ನು ಎರಡನೇ ತಲೆಮಾರು ಒಪ್ಪಲಾರದು.

ಆದರೆ ಬಯಕೆ ಬೇರೆ, ಬಲ ಬೇರೆ. ನಾಸಾದ ಪರ್ಸಿವಿಯರೆನ್ಸ್ ರೋವರ್ ಜೊತೆ ಮಂಗಳಕ್ಕೆ ಹೋದ ಮಾಕ್ಸಿ ಎಂಬ ಉಪಕರಣ ಅಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ಆಮ್ಲಜನಕ ತಯಾರಿಸಿ ತೋರಿಸಿತು. ದೊಡ್ಡ ಸಾಧನೆಯೇ ಸರಿ. 2021ರಿಂದ 2023ರವರೆಗೆ 16 ಬಾರಿ ಓಡಿ ಅದು ಉತ್ಪಾದಿಸಿದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ನಾಲ್ಕು ಗಂಟೆಗೂ ಅದು ಸಾಲದು. ನಾಳೆ ಇಂಥ ಯಂತ್ರಗಳು ಎಷ್ಟೇ ದೊಡ್ಡವಾಗಲಿ, ಅವುಗಳ ಗುಂಡಿ ಯಾರದೋ ಕೈಯಲ್ಲಿರುತ್ತದೆ. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ವಿಜ್ಞಾನಿ ಚಾರ್ಲ್ಸ್ ಕಾಕೆಲ್ ವರ್ಷಗಳಿಂದ ಎಚ್ಚರಿಸುತ್ತಿರುವುದು ಇದನ್ನೇ: ಗಾಳಿಯನ್ನು ನಿಯಂತ್ರಿಸುವವರಿಗೆ ದಬ್ಬಾಳಿಕೆ ಬಲು ಸುಲಭ.

ಭೂಮಿಯ ಮೇಲಿನ ಸ್ವಾತಂತ್ರ್ಯ ಹೋರಾಟಗಳಿಗೆ ಆಳುವವರು ಕಿತ್ತುಕೊಳ್ಳಲಾಗದ ಆಸರೆಯೊಂದು ಇತ್ತು. 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಜನ ಕಾನೂನು ಮುರಿದು ಉಪ್ಪು ಮಾಡಿದರು. ಬ್ರಿಟಿಷ್ ಸರ್ಕಾರ ಅವರನ್ನು ಜೈಲಿಗೆ ಹಾಕಬಹುದಿತ್ತು, ಕಡಲನ್ನು ಬತ್ತಿಸಲು ಆಗುತ್ತಿರಲಿಲ್ಲ. ಮಂಗಳದಲ್ಲಿ ಅಂಥ ಕಡಲಿಲ್ಲ. ಅಲ್ಲಿ ಹರತಾಳ ಹೂಡಿದವರ ಮನೆಯ ಗಾಳಿಯನ್ನೇ ನಿಲ್ಲಿಸಬಹುದು. ನಿಲ್ಲಿಸುತ್ತೇವೆಂಬ ಬೆದರಿಕೆಯೇ ಸಾಕು, ಸತ್ಯಾಗ್ರಹ ಮುಗಿಯುತ್ತದೆ.

ಹಾಗಾದರೆ ಬೇರೆಯಾಗುವುದು ಹೇಗೆ? ಚರಿತ್ರೆ ಎರಡು ದಾರಿ ತೋರಿಸುತ್ತದೆ. ಒಂದು ಹೈಟಿಯದು. ಗುಲಾಮರಾಗಿದ್ದ ಜನ ಕಾದಾಡಿ ಗೆದ್ದು 1804ರಲ್ಲಿ ಸ್ವಾತಂತ್ರ್ಯ ಘೋಷಿಸಿದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ, ಮಾನ್ಯತೆ ಬೇಕಿದ್ದರೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಿ ಎಂದಿತು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಅದಕ್ಕಾಗಿ ಮಾಡಿದ ಸಾಲ ಪೂರ್ತಿ ತೀರಿದ್ದು 1947ರಲ್ಲಿ. ಗೆದ್ದವರ ಮೊಮ್ಮಕ್ಕಳ ಮಕ್ಕಳೂ ಆ ಗೆಲುವಿಗೆ ಕಂತು ಕಟ್ಟಿದರು.

ಇನ್ನೊಂದು ಐಸ್‌ಲ್ಯಾಂಡಿನದು. 1918ರಲ್ಲಿ ಡೆನ್ಮಾರ್ಕ್ ಅದನ್ನು ಸಾರ್ವಭೌಮ ದೇಶವೆಂದು ಒಪ್ಪಿತು. ರಾಜ ಮಾತ್ರ ಇಬ್ಬರಿಗೂ ಒಬ್ಬನೇ. 1940 ಮುಗಿದ ಮೇಲೆ ಎರಡರಲ್ಲಿ ಯಾರು ಬೇಕಾದರೂ ಒಪ್ಪಂದದ ಮರುಪರಿಶೀಲನೆ ಕೇಳಬಹುದು, ಮೂರು ವರ್ಷದಲ್ಲಿ ಹೊಸ ಒಪ್ಪಂದವಾಗದಿದ್ದರೆ ಸಂಬಂಧ ಕಡಿದುಕೊಳ್ಳಬಹುದು ಎಂದು ಅದರಲ್ಲೇ ಬರೆದಿದ್ದರು. 1944ರಲ್ಲಿ ಜನಮತ ಪಡೆದು ಐಸ್‌ಲ್ಯಾಂಡ್ ಗಣರಾಜ್ಯವಾಯಿತು. ಜರ್ಮನಿಯ ಆಕ್ರಮಣದಲ್ಲಿ ಸಿಲುಕಿದ್ದ ಡೆನ್ಮಾರ್ಕಿನ ರಾಜ ಹತ್ತನೇ ಕ್ರಿಸ್ಟಿಯನ್ ಅಭಿನಂದನೆಯ ತಂತಿ ಕಳಿಸಿದ. ಹೊರಬರುವ ಬಾಗಿಲನ್ನು ಮೊದಲೇ ಇಟ್ಟಿದ್ದರಿಂದ ಅದನ್ನು ಒಡೆಯುವ ಪ್ರಸಂಗ ಬರಲಿಲ್ಲ.

ನಮಗೆ ಬೇಕಿರುವುದು ಇಂಥ ಬಾಗಿಲು. ಅದಕ್ಕೆ ಮೂರು ನಿಯಮಗಳು ಸಾಕು. ಮೊದಲನೆಯದು, ಗಾಳಿ, ನೀರು, ವಾಯುಒತ್ತಡ, ಔಷಧ ಇವನ್ನು ಸಾಲ ಬಾಕಿಯ ನೆಪದಲ್ಲಾಗಲಿ ಮುಷ್ಕರದ ನೆಪದಲ್ಲಾಗಲಿ ಯಾರೂ ನಿಲ್ಲಿಸುವಂತಿಲ್ಲ. ಇದು ತಾಯ್ನಾಡಿಗೂ ಕಂಪನಿಗೂ ಅಲ್ಲಿಯೇ ತಲೆಯೆತ್ತುವ ಸ್ಥಳೀಯ ನಾಯಕನಿಗೂ ಒಂದೇ ತೆರನಾಗಿ ಅನ್ವಯಿಸಬೇಕು. ಎರಡನೆಯದು, ಹೂಡಿದ ಬಂಡವಾಳವನ್ನು ಮಾನ್ಯತೆಯ ಬೆಲೆಯಾಗಿ ವಸೂಲು ಮಾಡುವಂತಿಲ್ಲ. ತೆರಿಗೆದಾರರ ಹಣ ಮುಳುಗಬೇಕೇ ಎಂದು ಕೇಳುವುದು ನ್ಯಾಯವೇ. ಅದನ್ನು ವ್ಯಾಪಾರದ ಕರಾರಿನಂತೆ, ನಿಷ್ಪಕ್ಷ ನ್ಯಾಯಮಂಡಳಿಯ ಮುಂದೆ ಇತ್ಯರ್ಥ ಮಾಡಿಕೊಳ್ಳಲಿ. ಮೂರನೆಯದು, ಗೊತ್ತುಪಡಿಸಿದ ಅವಧಿಯ ನಂತರ ನಿವಾಸಿಗಳು ಜನಮತದ ಮೂಲಕ ಮರುಪರಿಶೀಲನೆ ಕೇಳಬಹುದು.

ಇದಕ್ಕೆಲ್ಲ ಇನ್ನೂ ಕಾಲವಿದೆ ಎನ್ನುವವರು ಒಂದು ಸಂಗತಿ ಗಮನಿಸಲಿ. 1967ರ ಒಪ್ಪಂದ ಬಂದದ್ದು ಮನುಷ್ಯ ಚಂದ್ರನ ಮೇಲೆ ಕಾಲಿಡುವ ಎರಡು ವರ್ಷ ಮೊದಲು. ಯಾರ ಬಳಿಯೂ ಆಸ್ತಿ ಇಲ್ಲದ ಹೊತ್ತಿನಲ್ಲಿ ಬರೆದದ್ದರಿಂದಲೇ ಅಷ್ಟೊಂದು ದೇಶಗಳು ಸಹಿ ಹಾಕುವುದು ಸಾಧ್ಯವಾಯಿತು.

2035ರ ಹೊತ್ತಿಗೆ ನಮ್ಮದೇ ಬಾಹ್ಯಾಕಾಶ ನಿಲ್ದಾಣ, 2040ರ ಹೊತ್ತಿಗೆ ಚಂದ್ರನ ಮೇಲೆ ಭಾರತೀಯ ಎಂಬ ಗುರಿಯನ್ನು ಕೇಂದ್ರ ಸರ್ಕಾರ 2023ರಲ್ಲೇ ಸಾರಿದೆ. ಆದರೆ 2017ರಲ್ಲಿ ಪ್ರಕಟವಾದ ಬಾಹ್ಯಾಕಾಶ ಚಟುವಟಿಕೆಗಳ ಕರಡು ಮಸೂದೆ ಕಾಯ್ದೆಯಾಗಲಿಲ್ಲ. 2023ರಲ್ಲಿ ಬಂದದ್ದು ನೀತಿ ಮಾತ್ರ. ವಸಾಹತಾಗಿದ್ದು ಸ್ವತಂತ್ರವಾದ ದೇಶ ನಮ್ಮದು. ಮುಂದೊಮ್ಮೆ ನಾವೇ ತಾಯ್ನಾಡಾಗುವ ಹೊತ್ತಿಗೆ ಬ್ರಿಟನ್ನಿನಂತೆಯೋ ಫ್ರಾನ್ಸಿನಂತೆಯೋ ನಡೆದುಕೊಂಡರೆ ನಮ್ಮ ಹೋರಾಟಕ್ಕೆ ಅರ್ಥವಿಲ್ಲ. ಮಸೂದೆ ಸಂಸತ್ತಿಗೆ ಬರುವಾಗ ಈ ಮೂರು ನಿಯಮಗಳು ಅದರಲ್ಲಿರಬೇಕು, ವಿಶ್ವಸಂಸ್ಥೆಯಲ್ಲೂ ಭಾರತ ಇವುಗಳ ಪರ ನಿಲ್ಲಬೇಕು. ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಬರೆದು ಇದನ್ನು ಕೇಳಿ.