ಮೂಗಿನ ಚುರುಕಿಗೆ ಹೆಣ್ಣು ಗಂಡೆಂಬ ಭೇದವುಂಟೇ?

ಹಾಲು ಸೀಯುವುದನ್ನು ಮನೆಯಲ್ಲಿ ಮೊದಲು ಅರಿಯುವವರು ಹೆಂಗಸರೇ ಎಂಬುದು ಲೋಕರೂಢಿಯ ಮಾತು. ಇದಕ್ಕೆ ವಿಜ್ಞಾನದ ಬೆಂಬಲವುಂಟೇ? ಉಂಟು; ಆದರೆ ಜನರು ನಂಬಿರುವಷ್ಟಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೂಗಿನಿಂದ ಬರುವ ವಾಸನೆಯ ಸಂದೇಶವನ್ನು ಮಿದುಳಿನಲ್ಲಿ ಮೊಟ್ಟಮೊದಲು ಬರಮಾಡಿಕೊಳ್ಳುವ ಭಾಗಕ್ಕೆ ಘ್ರಾಣಕಂದವೆಂದು ಹೆಸರು. ೨೦೧೪ರಲ್ಲಿ ಬ್ರೆಜಿಲಿನ ವಿಜ್ಞಾನಿಗಳು ಮೃತರಾದ ೭ ಮಂದಿ ಪುರುಷರ ಮತ್ತು ೧೧ ಮಂದಿ ಸ್ತ್ರೀಯರ ಘ್ರಾಣಕಂದಗಳಲ್ಲಿನ ಜೀವಕೋಶಗಳನ್ನು ಎಣಿಸಿದರು. ಸ್ತ್ರೀಯರಲ್ಲಿ ಅವು ಸರಾಸರಿ ನೂರಕ್ಕೆ ೪೩ರಷ್ಟು ಹೆಚ್ಚಾಗಿದ್ದವು. ಅಲ್ಲಿಗೆ ವ್ಯಾಜ್ಯ ತೀರಿತೆನ್ನುವಂತಿಲ್ಲ. ೨೦೨೦ರಲ್ಲಿ ಪ್ರಕಟವಾದ ಇಸ್ರೇಲಿನ ಸಂಶೋಧನೆಯೊಂದರಲ್ಲಿ, ಮಿದುಳಿನ ಚಿತ್ರದಲ್ಲಿ ಘ್ರಾಣಕಂದವೇ ಕಾಣದ ಕೆಲವು ಸ್ತ್ರೀಯರು ಇತರರಂತೆಯೇ ವಾಸನೆಯನ್ನು ಗ್ರಹಿಸುತ್ತಿದ್ದುದು ಕಂಡುಬಂದಿತು! ಕೋಶಗಳ ಎಣಿಕೆಯೊಂದರಿಂದಲೇ ಶಕ್ತಿಯನ್ನು ಅಳೆಯಲಾಗದೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಬದುಕಿರುವವರ ಮೂಗು ಏನು ಹೇಳುತ್ತದೆ? ಸಾವಿರಾರು ಜನರ ಮೇಲೆ ನಡೆದ ಹಲವು ಪರೀಕ್ಷೆಗಳ ಫಲಿತಾಂಶಗಳನ್ನು ೨೦೧೯ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ಮಂದವಾದ ವಾಸನೆಯನ್ನು ಪತ್ತೆಹಚ್ಚುವುದರಲ್ಲಿ, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದರಲ್ಲಿ, ಇಂಥದೆಂದು ಗುರುತಿಸುವುದರಲ್ಲಿ, ಈ ಮೂರರಲ್ಲಿಯೂ ಸ್ತ್ರೀಯರೇ ಮುಂದು. ಆದರೆ ಅಂತರ ಮಾತ್ರ ಅಲ್ಪ. ಸ್ತ್ರೀಪುರುಷರ ಎತ್ತರದಲ್ಲಿರುವ ಅಂತರ ಇದಕ್ಕಿಂತ ಬಹು ದೊಡ್ಡದು. ಆದರೂ ಅನೇಕ ಪುರುಷರಿಗಿಂತ ಎತ್ತರವಾದ ಸ್ತ್ರೀಯರನ್ನು ನಾವು ದಿನವೂ ಕಾಣುತ್ತೇವಲ್ಲವೆ? ಸರಾಸರಿಯು ಗುಂಪಿನ ಲಕ್ಷಣ. ಅದರಿಂದ ಒಬ್ಬೊಬ್ಬರ ಯೋಗ್ಯತೆಯನ್ನು ನಿರ್ಣಯಿಸುವುದು ತಪ್ಪು.

ಎದುರು ಪಕ್ಷದ ಬಲವಾದ ಸಾಕ್ಷ್ಯವನ್ನೂ ಮರೆಮಾಚಬಾರದು. ೨೦೦೨ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಕೆಲವು ವಾಸನೆಗಳನ್ನು ಮತ್ತೆ ಮತ್ತೆ ಮೂಸಿದ ಪ್ರಾಯದ ಸ್ತ್ರೀಯರ ಮೂಗು ಆ ವಾಸನೆಗಳಿಗೆ ಬಹುಪಾಲು ಸೂಕ್ಷ್ಮವಾಯಿತು, ಪುರುಷರದು ಆಗಲಿಲ್ಲ. ಆದರೆ ಸ್ತ್ರೀಯರಲ್ಲಿಯೂ ಈ ಚುರುಕು ಅಭ್ಯಾಸದಿಂದಲೇ ಬಂದುದೆಂಬುದನ್ನು ಮರೆಯಲಾಗದು. ವಾಸನೆಗಳನ್ನು ಗುರುತಿಟ್ಟು ಹೆಸರಿಸುವ ವಿದ್ಯೆಯಾದರೋ ಶ್ರದ್ಧೆಯಿಂದ ಕಲಿಯುವ ಯಾರಿಗಾದರೂ ಒಲಿಯುತ್ತದೆ.

ಇಷ್ಟು ಅಲ್ಪವಾದ ಅಂತರವನ್ನು ನೆಪಮಾಡಿ ಅಡುಗೆಮನೆಯ ಹೊಣೆಯನ್ನೆಲ್ಲ ಹೆಣ್ಣುಮಕ್ಕಳಿಗೆ ಕಟ್ಟುವುದು ವಿಜ್ಞಾನವಲ್ಲ; ‘ನನಗೆ ವಾಸನೆ ತಿಳಿಯದು’ ಎಂದು ಹುಡುಗರು ನುಣುಚಿಕೊಳ್ಳುವುದೂ ಸಲ್ಲದು. ಅಡುಗೆಯ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೆರೆಸುತ್ತಾರೆ. ಆ ಎಚ್ಚರಿಕೆ ಮನೆಯ ಎಲ್ಲ ಮೂಗುಗಳಿಗೂ ಸೇರಿದ್ದು.