ಮರಳಿನಡಿಯ ಹಾವುರಾಣಿ ಮತ್ತು ‘ಹಾನಿ’ಯ ಅರ್ಥ

ಒಂದು ಜೀವಿಯನ್ನು ಮುಟ್ಟದೆಯೇ ಅದರ ವಂಶವನ್ನು ಅಳಿಸಬಹುದೆ? ಅಮೆರಿಕದಲ್ಲಿ ಈ ಪ್ರಶ್ನೆ ಮತ್ತೆ ಚರ್ಚೆಗೆ ಬಂದಿದೆ. ಅಳಿವಿನಂಚಿನ ಜೀವಿಗಳ ಕಾಯ್ದೆಯ ನಿಯಮಗಳಲ್ಲಿ ‘ಹಾನಿ’ ಎಂಬ ಪದಕ್ಕಿದ್ದ ವ್ಯಾಖ್ಯಾನವನ್ನು ಕೈಬಿಡುವ ಪ್ರಸ್ತಾಪವನ್ನು ಅಲ್ಲಿನ ಫೆಡರಲ್ ಸರ್ಕಾರ 2025ರ ಏಪ್ರಿಲ್‌ನಲ್ಲಿ ಮುಂದಿಟ್ಟಿತು. ನೆಲೆಯನ್ನು ಹಾಳುಗೆಡವಿ ಜೀವಿಯ ಸಾವಿಗೆ ಕಾರಣವಾಗುವುದೂ ಹಾನಿಯೇ ಎನ್ನುವ ಈ ವ್ಯಾಖ್ಯಾನವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಎತ್ತಿಹಿಡಿದಿತ್ತು.

ಈ ವಿವಾದದ ತಿರುಳನ್ನು ಅರಿಯಲು ಫ್ಲಾರಿಡಾ ರಾಜ್ಯದ ಮರಳು ಹಾವುರಾಣಿಗಿಂತ ಉತ್ತಮ ನಿದರ್ಶನ ಸಿಗಲಾರದು. 10ರಿಂದ 13 ಸೆಂ.ಮೀ. ಉದ್ದದ ಈ ಸರೀಸೃಪದ ಮುಂಗಾಲಿಗೆ ಒಂದೇ ಬೆರಳು, ಹಿಂಗಾಲಿಗೆ ಎರಡು. ಮರಳಿನೊಳಗೆ ಈಜುತ್ತಲೇ ಬದುಕು ಸವೆಸುವ ಇದನ್ನು ಕಂಡವರು ವಿರಳ. ಮರಳಿನ ಮೇಲೆ ಮೂಡುವ ಹಾವಿನ ನಡೆಯಂತಹ ಗೆರೆಯೇ ಇದರ ಇರುವಿಕೆಗೆ ಸಾಕ್ಷಿ. ಇದನ್ನು ಬೇಟೆಯಾಡುವವರಾಗಲಿ, ಮಾರುವವರಾಗಲಿ ಇಲ್ಲ. ಇದಕ್ಕೆ ಕುತ್ತು ಬರುವುದು ಬುಲ್ಡೋಜರ್‌ನಿಂದ ಮಾತ್ರ. 1987ರಲ್ಲೇ ಇದನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ದ್ವೀಪಗಳ ನೆನಪು

ಮಧ್ಯ ಫ್ಲಾರಿಡಾದ ಲೇಕ್ ವೇಲ್ಸ್ ದಿಬ್ಬ ಸುಮಾರು 160 ಕಿ.ಮೀ. ಉದ್ದದ ಮರಳಿನ ಏರುನೆಲ. ಸಮುದ್ರಮಟ್ಟ ಇಂದಿಗಿಂತ ಎತ್ತರದಲ್ಲಿದ್ದ ಕಾಲದಲ್ಲಿ ಇಂತಹ ದಿಬ್ಬಗಳು ದ್ವೀಪಗಳಾಗಿದ್ದವು. ನೀರು ಇಳಿದರೂ ಅಲ್ಲಿನ ಜೀವಿಗಳ ಏಕಾಂತ ಮುಗಿಯಲಿಲ್ಲ. ಒಣ ಕುರುಚಲು ಕಾಡಿನ ಸಡಿಲ ಮರಳನ್ನು ಬಿಟ್ಟು ಬೇರೆಡೆ ಈ ಹಾವುರಾಣಿ ಸಾಗಲಾರದು. ಬೇರೆ ಬೇರೆ ದಿಬ್ಬಗಳ ಸಂತತಿಗಳು ಪ್ರತ್ಯೇಕ ವಂಶಧಾರೆಗಳನ್ನು ಕಾಯ್ದುಕೊಂಡಿರುವುದನ್ನು 2003ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು.

ಇದರ ಅರ್ಥ ಸರಳ. ಒಂದು ದಿಬ್ಬದ ಸಂತತಿ ನಾಶವಾದರೆ ಮತ್ತೊಂದು ದಿಬ್ಬದ ಸಂತತಿಯಿಂದ ಆ ನಷ್ಟವನ್ನು ತುಂಬಲಾಗದು. ಒಟ್ಟು ಸಂಖ್ಯೆ ಎಷ್ಟಿದೆ ಎಂಬ ಲೆಕ್ಕವೊಂದೇ ಸಾಲದು, ಎಲ್ಲೆಲ್ಲಿ ಉಳಿದಿವೆ ಎಂಬುದೂ ಅಷ್ಟೇ ಮುಖ್ಯ.

ಬೆಂಕಿಯೂ ಬೇಕು

ಈ ಕುರುಚಲು ಕಾಡು ಆಗಾಗ ಬೀಳುವ ಬೆಂಕಿಯಿಂದಲೇ ತನ್ನ ಸ್ವರೂಪ ಉಳಿಸಿಕೊಂಡಿದೆ. ಮೂರು ಜಾತಿಯ ಹಲ್ಲಿಗಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕುತೂಹಲಕರ ಸಂಗತಿಯನ್ನು ಹೊರಗೆಡವಿತು. ಕುರುಚಲು ಹಲ್ಲಿಯ ಆನುವಂಶಿಕ ವೈವಿಧ್ಯ ಇತ್ತೀಚೆಗೆ ಸುಟ್ಟ ಜಾಗದಲ್ಲಿ ಹೆಚ್ಚು. ಮರಳು ಹಾವುರಾಣಿಯದು ಸುಟ್ಟು ಬಹುಕಾಲವಾದ ಜಾಗದಲ್ಲಿ ಹೆಚ್ಚು. ಹೀಗಾಗಿ ಇಡೀ ಕಾಡನ್ನು ಒಮ್ಮೆಗೇ ಸುಡುವುದೂ ತಪ್ಪು, ಬೆಂಕಿಯನ್ನು ಪೂರ್ಣ ತಡೆಯುವುದೂ ತಪ್ಪು. ಬೇರೆ ಬೇರೆ ಕಾಲಕ್ಕೆ ಸುಟ್ಟ ತುಂಡುಗಳು ಅಕ್ಕಪಕ್ಕದಲ್ಲಿರಬೇಕು. ಅದಕ್ಕೆ ವಿಸ್ತಾರವಾದ ನೆಲ ಬೇಕು.

ಆದರೆ ನೆಲವೇ ಇಲ್ಲವಾಗುತ್ತಿದೆ. ದಿಬ್ಬದ ಮೂಲ ಕುರುಚಲು ಕಾಡಿನಲ್ಲಿ ಶೇ 85ರಷ್ಟು ಕಿತ್ತಳೆ ತೋಟಗಳಿಗೂ ಬಡಾವಣೆಗಳಿಗೂ ಬಲಿಯಾಗಿದೆ. ರಾಜ್ಯದಲ್ಲಿ 2005ರಲ್ಲಿ ಪತ್ತೆಯಾದ ಗ್ರೀನಿಂಗ್ ರೋಗ ಮುಂತಾದ ಹೊಡೆತಗಳಿಂದ ಕಿತ್ತಳೆ ಇಳುವರಿ ಎರಡು ದಶಕಗಳಲ್ಲಿ ಶೇ 90ಕ್ಕಿಂತ ಹೆಚ್ಚು ಕುಸಿಯಿತು. ಬೆಳೆಗಾರರು ತೋಟಗಳನ್ನು ನಿವೇಶನಗಳಿಗೆ ಮಾರತೊಡಗಿದರು. ದಿಬ್ಬದ ಉತ್ತರ ಭಾಗವಿರುವ ಪೋಲ್ಕ್ ಕೌಂಟಿ ಅಮೆರಿಕದಲ್ಲೇ ಅತಿ ವೇಗವಾಗಿ ಬೆಳೆಯುತ್ತಿರುವ ಪ್ರದೇಶಗಳಲ್ಲೊಂದು.

ಇಲ್ಲಿಯವರೆಗೆ ಹಾವುರಾಣಿಯಿರುವ ಜಾಗದಲ್ಲಿ ಕಟ್ಟಡ ಕಟ್ಟುವವರು ಮೊದಲು ಸಮೀಕ್ಷೆ ನಡೆಸಿ, ಅನುಮತಿ ಪಡೆದು, ಬದಲಿ ನೆಲವನ್ನು ಸಂರಕ್ಷಣೆಗೆ ಒದಗಿಸಬೇಕಾಗಿ ಬರುತ್ತಿತ್ತು. ಈ ಇಡೀ ವ್ಯವಸ್ಥೆಗೆ ಆಧಾರವೇ ‘ಹಾನಿ’ಯ ವಿಶಾಲ ಅರ್ಥ. ಮನೆ ಬೇಕೆನ್ನುವ ಜನರ ಅಗತ್ಯವನ್ನಾಗಲಿ, ತೋಟ ಕಳೆದುಕೊಂಡ ರೈತರ ಸಂಕಷ್ಟವನ್ನಾಗಲಿ ಅಲ್ಲಗಳೆಯುವಂತಿಲ್ಲ. ಬದಲಿ ನೆಲದ ಪದ್ಧತಿಯೂ ದೋಷಮುಕ್ತವಲ್ಲ: ಉತ್ತರದಲ್ಲಿ ಕಳೆದ ವಂಶಕ್ಕೆ ದಕ್ಷಿಣದಲ್ಲಿ ಕೊಟ್ಟ ನೆಲ ಸಮನಾಗದು.

ಹಾಗೆಂದು ಆ ಪದ್ಧತಿಯ ಬುಡವನ್ನೇ ಕಡಿಯುವುದು ಪರಿಹಾರವಲ್ಲ. ಮರಳನ್ನೇ ಮೈಗೆ ಹೊದ್ದು ಬದುಕುವ ಜೀವಿಗೆ ನೆಲ ಬೇರೆ, ಪ್ರಾಣ ಬೇರೆ ಎಂಬ ಭೇದವಿಲ್ಲ. ಕಾನೂನು ಆ ಭೇದವನ್ನು ಮಾಡಹೊರಟರೆ, ಪಟ್ಟಿಯಲ್ಲಿ ಹೆಸರು ಉಳಿದೀತು, ದಿಬ್ಬದ ಮೇಲೆ ಗೆರೆ ಮೂಡದು.